ಕನೆಕ್ಟರಿನ ಖಾಲಿ ತೂತಿಗೆ ಸಿಲಿಕೋನ್ ಬೇಡ, ಡಮ್ಮಿ ಪ್ಲಗ್ ಹಾಕಿ

ಟಿಪ್ಪರಿನ ಹಿಂದಿನ ಲೈಟುಗಳಿಗೆ 12 ಪಿನ್ನಿನ ಡಾಯ್ಚ್ ಬ್ರಾಂಡಿನ ಡಿಟಿ ಸರಣಿಯ ಕನೆಕ್ಟರ್ ಹಾಕಿದ್ದೀರಿ, ವೈರ್ ಬಂದಿರುವುದು 8 ತೂತಿಗೆ ಮಾತ್ರ, ವಾಟರ್ ವಾಶ್ ಆದ ಮೇಲೆ ಲೈಟು ಮಿಣುಕುತ್ತದೆ. ಉಳಿದ 4 ತೂತಿಗೆ ಸಿಲಿಕೋನ್ ತುಂಬಿದರೆ ಸಾಕೇ ಎಂದು ಕೇಳಿದ್ದೀರಿ.

ಸಾಲದು. ಈ ಕೆಲಸಕ್ಕೆಂದೇ ಮಾಡಿದ ಡಮ್ಮಿ ಪ್ಲಗ್ ಸಿಗುತ್ತದೆ. ಡಿಟಿ ಸರಣಿಯಲ್ಲಿ ಕೂರುವುದು 16ನೇ ಸೈಜಿನ ಟರ್ಮಿನಲ್ (ವೈರಿನ ತುದಿಗೆ ಹಾಕುವ ಲೋಹದ ಪಿನ್), ಅದರ ತೂತಿಗೆ ಹೊಂದುವ ಪ್ಲಗ್ಗಿನ ಪಾರ್ಟ್ ನಂಬರ್ 114017. ನಿಮಗೆ ಬೇಕಾಗುವುದು ಒಟ್ಟು 8: ಗಂಡು ಭಾಗದ ಹಿಂದೆ 4, ಹೆಣ್ಣು ಭಾಗದ ಹಿಂದೆ 4. ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ಹಾಗೇ ಬಿಡುವುದು ನಾನು ಅತಿ ಹೆಚ್ಚು ಕಾಣುವ ತಪ್ಪು.

ಯಾಕೆಂದರೆ ಈ ಕನೆಕ್ಟರಿನಲ್ಲಿ ಪ್ರತಿ ಪಿನ್ನಿಗೂ ಬೇರೆ ಬೇರೆ ಕೋಣೆ ಇಲ್ಲ. ಎರಡು ಭಾಗ ಸೇರುವಲ್ಲಿ ಸುತ್ತಲೂ ಒಂದು ರಬ್ಬರ್ ಸೀಲ್ ಇರುತ್ತದೆ, ಅದರೊಳಗೆ 12 ಪಿನ್ನಿಗೂ ಸೇರಿ ಒಂದೇ ಜಾಗ. ವೈರುಗಳು ಒಳಹೋಗುವ ಹಿಂದಿನ ರಬ್ಬರಿನಲ್ಲಿ ಒಂದು ತೂತು ತೆರೆದಿದ್ದರೂ ನೀರು ಆ ಜಾಗಕ್ಕೇ ಇಳಿಯುತ್ತದೆ, ಸರಿಯಾಗಿ ಸೀಲಾದ 8 ವೈರುಗಳೂ ನೆನೆಯುತ್ತವೆ. ಬಿಸಿ ಗಾಡಿಗೆ ತಣ್ಣೀರು ಬಿದ್ದಾಗ ಇದು ಇನ್ನೂ ಕೆಟ್ಟದು: ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೊಕ್ಕ ಮೇಲೆ 24 ವೋಲ್ಟಿನ ಪಿನ್ನಿಗೂ ಪಕ್ಕದ ಅರ್ತ್ ಪಿನ್ನಿಗೂ ನಡುವೆ ಸಣ್ಣ ಕರೆಂಟು ಹರಿಯುತ್ತಾ ಪಾಸಿಟಿವ್ ಪಿನ್ನಿನ ಲೋಹ ಸವೆದು ಹಸಿರು ಪುಡಿಯಾಗುತ್ತದೆ. ಬ್ಯಾಟರಿಯಿಂದ ನೇರ ಬಂದ ವೈರ್ ಅದರಲ್ಲಿದ್ದರೆ ಗಾಡಿ ನಿಂತಿದ್ದಾಗಲೂ ಈ ಕೊರೆತ ನಿಲ್ಲುವುದಿಲ್ಲ. ಎಲ್‌ಇಡಿ ಲೈಟಾದರೆ ಸ್ವಿಚ್ ಆಫ್ ಇದ್ದರೂ ಮಂದವಾಗಿ ಉರಿಯಬಹುದು.

ಪ್ಲಗ್ ಹಾಕುವ ಮೊದಲು ಹಿಂದಿನ ರಬ್ಬರನ್ನು ಒರೆಸಿ, ತೂತಿನ ಅಂಚು ಹರಿದಿದೆಯೇ ನೋಡಿ. ಹರಿದಿದ್ದರೆ ಪ್ಲಗ್ಗಿನಿಂದ ಪ್ರಯೋಜನವಿಲ್ಲ, ಆ ಭಾಗವನ್ನೇ ಬದಲಿಸಿ. ಪ್ಲಗ್ಗಿನ ಸಣ್ಣ ತುದಿ ಮೊದಲು ಒಳಕ್ಕೆ, ದಪ್ಪ ತಲೆ ಹೊರಗೆ. ಬೆರಳಿನಿಂದ ನೇರವಾಗಿ, ತಲೆ ರಬ್ಬರಿಗೆ ತಾಗಿ ನಿಲ್ಲುವ ತನಕ ಒತ್ತಿ. ಓರೆಯಾಗಿ ತುರುಕಿದರೆ ಒಳಗಿನ ತೆಳು ಅಂಚು ಮಡಚಿಕೊಂಡು ಅಲ್ಲೇ ಸೋರುವ ದಾರಿಯಾಗುತ್ತದೆ. ಬಿಗಿಯಾದರೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು, ಆಮೇಲೆ ತಾನೇ ಆರಿಹೋಗುತ್ತದೆ. ಸಿಲಿಕೋನ್ ಗ್ರೀಸ್ ಹಚ್ಚಬೇಡಿ: ಈ ಸೀಲುಗಳೂ ಸಿಲಿಕೋನ್ ರಬ್ಬರಿನವೇ ಆದ್ದರಿಂದ ಅದನ್ನು ಹೀರಿ ಉಬ್ಬುತ್ತವೆ.

ಇನ್ನು ನಿಮ್ಮ ಸಿಲಿಕೋನ್ ವಿಷಯ. ವಿನೆಗರ್ ವಾಸನೆ ಬರುವ ಟ್ಯೂಬು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಮುಚ್ಚಿದ ಜಾಗದಲ್ಲಿ ಅದು ತಾಮ್ರವನ್ನೇ ತಿನ್ನುತ್ತದೆ. ವಾಸನೆ ಇಲ್ಲದ ಬಗೆ ತಾಮ್ರಕ್ಕೆ ಅಷ್ಟು ಹಾನಿ ಮಾಡುವುದಿಲ್ಲ, ಆದರೆ ನಾಳೆ ಆ ತೂತಿಗೆ ಒಂದು ವೈರ್ ಸೇರಿಸಬೇಕೆಂದರೆ ಆಗುವುದಿಲ್ಲ. ಎಂ-ಸೀಲ್ ಗಟ್ಟಿಯಾಗುತ್ತದೆ, ಮೆತ್ತಗಿನ ರಬ್ಬರಿಗೆ ಹಿಡಿಯದೆ ಗಾಡಿ ಅದುರುವಾಗ ಬಿಟ್ಟುಕೊಳ್ಳುತ್ತದೆ. ಗ್ಲೂ ಗನ್ನಿನ ಅಂಟು ಎಂಜಿನ್ ಬಿಸಿಗೆ ಮೆತ್ತಗಾಗುತ್ತದೆ. ತುರ್ತಿಗೆ ಪ್ಲಗ್ ಸಿಗದಿದ್ದರೆ ಒಂದು ದಾರಿ ಇದೆ. ಸರಿಯಾದ ದಪ್ಪದ ವೈರಿನ ಒಂದು ತುಂಡಿಗೆ ಟರ್ಮಿನಲ್ ಕ್ರಿಂಪ್ ಮಾಡಿ (ಒತ್ತಿ ಹಿಡಿಸಿ) ತೂತಿಗೆ ಕೂರಿಸಿ, ಹೊರಗಿನ ತುದಿಯನ್ನು ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವಿನಿಂದ (ಬಿಸಿಗೆ ಕುಗ್ಗುವ ಕೊಳವೆ) ಮುಚ್ಚಿ, ಬಿಸಿ ಇರುವಾಗಲೇ ತುದಿಯನ್ನು ಪ್ಲೈಯರಿನಲ್ಲಿ ಚಪ್ಪಟೆ ಒತ್ತಿ. ತುದಿ ಬಿಚ್ಚಿಟ್ಟರೆ ತಾಮ್ರದ ಎಳೆಗಳ ನಡುವಿನಿಂದ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ ಒಳಗೆ ಹೋಗುತ್ತದೆ.

ತೂತೆಲ್ಲ ಮುಚ್ಚಿದ ಮೇಲೂ ಸೋರಿದರೆ ವೈರಿನ ದಪ್ಪ ನೋಡಿ. ಡಿಟಿಯ ಸಾಮಾನ್ಯ ಸೀಲಿಗೆ ವೈರಿನ ಹೊರಕವಚ ಸೇರಿ ವ್ಯಾಸ 2.23ರಿಂದ 3.68 ಮಿ.ಮೀ. ಇರಬೇಕು. 0.5 ಚದರ ಮಿ.ಮೀ.ನ ತೆಳು ಕವಚದ ವೈರ್ ಸುಮಾರು 1.6 ಮಿ.ಮೀ. ಇರುತ್ತದೆ. ಅದು ತೂತಿನಲ್ಲಿ ಇದ್ದರೂ ತೂತು ಮುಚ್ಚಿದಂತಲ್ಲ. ಅದಕ್ಕೆ ಸಣ್ಣ ತೂತಿನ ಸೀಲಿರುವ ಸಿ015 ಬಗೆ ಬೇಕು, ಅದು 1.35ರಿಂದ 3.05 ಮಿ.ಮೀ. ತನಕ ಹಿಡಿಯುತ್ತದೆ. ಕನೆಕ್ಟರಿನ ಹಿಂದೆಯೇ ವೈರುಗಳನ್ನು ಒಂದು ಕಡೆಗೆ ಎಳೆದು ಟೈ ಹಾಕುವುದೂ ತಪ್ಪು. ತೂತು ಉದ್ದುದ್ದ ಎಳೆದುಕೊಂಡು ಪಕ್ಕದ ಡಮ್ಮಿ ಪ್ಲಗ್ಗೂ ಸಡಿಲವಾಗುತ್ತದೆ. 3 ಸೆಂ.ಮೀ.ನಷ್ಟು ನೇರ ಬಿಟ್ಟು ಆಮೇಲೆ ಬಗ್ಗಿಸಿ.

ಬೇರೆ ಸರಣಿಯ ಕನೆಕ್ಟರುಗಳಲ್ಲಿ ಪ್ಲಗ್ ಬೇರೆ. ಸೂಪರ್‌ಸೀಲ್ 1.5ಕ್ಕೆ 282081-1, ವೆದರ್ ಪ್ಯಾಕಿಗೆ ಹಸಿರು ಬಣ್ಣದ 12010300. ಇವುಗಳಲ್ಲಿ ಪ್ರತಿ ವೈರಿಗೂ ಪ್ರತ್ಯೇಕ ಸೀಲ್ ಇರುವುದರಿಂದ ಕೆಲವರು ವೈರಿಲ್ಲದ ಸೀಲನ್ನೇ ಖಾಲಿ ತೂತಿಗೆ ತುರುಕುತ್ತಾರೆ. ಅದರ ನಡುವೆಯೇ ತೂತಿದೆ! ಆಂಪ್‌ಸೀಲ್‌ನಲ್ಲಿ ರಬ್ಬರಿನ ಮೇಲೆ ತೆಳು ಪೊರೆ ಇರುತ್ತದೆ, ಟರ್ಮಿನಲ್ ಹೋಗುವಾಗ ಅದನ್ನು ಚುಚ್ಚುತ್ತದೆ. ಚುಚ್ಚದ ತೂತಿಗೆ ಪ್ಲಗ್ ಬೇಡ, ಒಮ್ಮೆ ಚುಚ್ಚಿ ವೈರ್ ತೆಗೆದಿದ್ದರೆ ಬೇಕೇ ಬೇಕು. ಅಂಗಡಿಯಲ್ಲಿ ಕೇಳುವಾಗ "12 ಪಿನ್ನಿಂದು" ಎನ್ನದೆ ಪಾರ್ಟ್ ನಂಬರ್ ತೋರಿಸಿ.

ಪರೀಕ್ಷೆಗೆ ಬ್ಯಾಟರಿ ಕಳಚಿ, ಎರಡೂ ಭಾಗ ಸೇರಿಸಿ, ತಣ್ಣಗಿರುವ ಕನೆಕ್ಟರನ್ನು ಬಿಸಿನೀರಿನ ಮಗ್ಗಿನಲ್ಲಿ ಮುಳುಗಿಸಿ. ಒಳಗಿನ ಗಾಳಿ ಹಿಗ್ಗಿ ಸೋರುವ ಜಾಗದಿಂದ ಗುಳ್ಳೆ ಏಳುತ್ತದೆ. ಆಮೇಲೆ ಅದೇ ಬಿಸಿಯಲ್ಲಿ ತಣ್ಣೀರಿಗೆ ಹಾಕಿ 10 ನಿಮಿಷ ಬಿಡಿ, ಹೊರಗೆ ಒರೆಸಿ, ಬಿಚ್ಚಿ ಟಿಶ್ಯೂ ಒತ್ತಿ ನೋಡಿ. ಟಿಶ್ಯೂ ಒದ್ದೆಯಾಗದಿದ್ದರೆ ಕೆಲಸ ಸರಿಯಾಗಿದೆ. ಆದರೂ ವಾಶ್ ಮಾಡುವವರಿಗೆ ಕನೆಕ್ಟರಿನ ಹಿಂಭಾಗಕ್ಕೆ ಹತ್ತಿರದಿಂದ ಪ್ರೆಶರ್ ಗನ್ ಹಿಡಿಯಬೇಡಿ ಎಂದು ಹೇಳಿ. ನೀರು ತಡೆಯುವ ಮಟ್ಟ ಹೇಳುವ ಐಪಿ67 ಗುರುತು ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದಷ್ಟೇ, ಪ್ರೆಶರಿನ ಜೆಟ್ಟಿಗೆ ಐಪಿ69ಕೆ ಎಂಬ ಬೇರೆ ಪರೀಕ್ಷೆ ಇದೆ.

ನಿಮ್ಮ ಲೈಟು ಈಗಾಗಲೇ ಮಿಣುಕುತ್ತಿರುವುದರಿಂದ ಪ್ಲಗ್ ಹಾಕುವ ಮೊದಲು ಕನೆಕ್ಟರ್ ಬಿಚ್ಚಿ. ಹಸಿರಾದ ಟರ್ಮಿನಲ್ ಉಜ್ಜಿ ಉಳಿಸಿಕೊಳ್ಳಬೇಡಿ, ಮೇಲಿನ ಲೇಪನ ಹೋಗಿರುತ್ತದೆ, ಮತ್ತೆ ಬೇಗ ಕೆಡುತ್ತದೆ. ವೈರನ್ನು ಹೊಳೆಯುವ ತಾಮ್ರ ಕಾಣುವ ತನಕ ಹಿಂದಕ್ಕೆ ಕತ್ತರಿಸಿ ಹೊಸ ಟರ್ಮಿನಲ್ ಕ್ರಿಂಪ್ ಮಾಡಿ, ಒಳಭಾಗವನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು ಪೂರ್ತಿ ಒಣಗಿಸಿ. ಒಳಗೆ ತೇವ ಇರುವಾಗಲೇ ಎಲ್ಲ ತೂತು ಮುಚ್ಚಿದರೆ ಆ ತೇವ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ.