ಮರಕ್ಕೆ ಹೊಡೆದ ಮೊಳೆ

ಪ್ರಿಯ ಓದುಗರೇ,

ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿನ ಬಗ್ಗೆ ನಾವು ಹಾಕಿದ ಲೇಖನ ಓದಿ ಸಿಟ್ಟಿನಿಂದ ಬರೆದಿದ್ದೀರಿ. ಕಡಿಯುವುದನ್ನು ತಡೆಯಲು ಮರಗಳಿಗೆ ಮೊಳೆ ಹೊಡೆದವರನ್ನು ‘ದಾರಿ ತಪ್ಪಿದವರು’ ಎಂದದ್ದು ನಿಮಗೆ ಸರಿ ಬಂದಿಲ್ಲ. ‘ಸಾವಿರ ವರ್ಷದ ಮರ ಉರುಳುವಾಗ ಅರ್ಜಿ ಹಿಡಿದು ಕೂರಬೇಕಾ? ಮೊಳೆ ಹೊಡೆಯುವುದನ್ನು ಬಿಟ್ಟ ಮೇಲೆ ಚಳವಳಿ ಸತ್ತಿತು’ ಎಂದಿದ್ದೀರಿ.

ನಿಮ್ಮ ಸಂಕಟ ನನ್ನದೂ ಹೌದು. 1980ರ ದಶಕದ ನಡುವೆ ಅಲ್ಲಿನ ಹಳೆಯ ಟಿಂಬರ್ ಕಂಪನಿಯೊಂದು ಬೇರೆಯವರ ಕೈಗೆ ಹೋಯಿತು. ಕೊಳ್ಳಲು ಮಾಡಿದ ಸಾಲ ತೀರಿಸಲು ಹೊಸ ಮಾಲೀಕರು ಕಾಡು ಕಡಿಯುವುದನ್ನು ಜಾಸ್ತಿ ಮಾಡಿದರು. ನೋಡಿದವರು ಸುಮ್ನೆ ಇರುವುದು ಹೇಗೆ?

ಆದರೆ ಮೊಳೆಯ ಕೆಲಸ ನೋಡಿ. ಅದರಿಂದ ಮರ ಸಾಯುವುದಿಲ್ಲ, ಮರ ಕಡಿಸುವ ಮಾಲೀಕನಿಗೂ ತಗುಲುವುದಿಲ್ಲ. ಮೊಳೆ ದಿಮ್ಮಿಯ ಒಳಗೆ ಕೂತು ಸಾಮಿಲ್ಲಿಗೆ ಹೋಗುತ್ತದೆ. ‘ಮೊದಲೇ ಎಚ್ಚರಿಸುತ್ತೇವೆ, ಹೆದರಿ ಕಡಿಯುವುದಿಲ್ಲ’ ಎಂಬುದು ಹೊಡೆದವರ ಲೆಕ್ಕ. 1987ರ ಮೇ ತಿಂಗಳಲ್ಲಿ ಕ್ಲೋವರ್‌ಡೇಲ್‌ನ ಸಾಮಿಲ್ಲಿನಲ್ಲಿ ಬ್ಯಾಂಡ್ ಸಾ ಬ್ಲೇಡು ಮೊಳೆಗೆ ತಗುಲಿ ತುಂಡಾಯಿತು. ಅಲ್ಲಿದ್ದ 23 ವರ್ಷದ ಕೂಲಿಯಾಳಿನ ದವಡೆ ಮುರಿಯಿತು, ಹಲ್ಲು ಉದುರಿದವು. ಮೊಳೆ ಹೊಡೆದವರು ಯಾರೆಂದು ಸಾಬೀತಾಗಲೇ ಇಲ್ಲ. ನನಗೆ ಚುಚ್ಚುವುದು ಅದೇ. ಗಾಯವಾದವನ ಮುಂದೆ ಬಂದು ‘ನಾನು ಹೊಡೆದೆ’ ಎನ್ನಲು ಯಾರೂ ಇರಲಿಲ್ಲ.

ಹಾಗಂತ ಹಾನಿ ಮಾಡುವ ಹೋರಾಟವೆಲ್ಲ ತಪ್ಪು ಎನ್ನುವವನಲ್ಲ ನಾನು. ಅದೇ ವರ್ಷ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಹಳ್ಳಿಗರು ತಮ್ಮ ಸಾಮೂಹಿಕ ಭೂಮಿಯಲ್ಲಿ ಬೇರೆಯವರು ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತರು. ಆ ಜಾಗದಲ್ಲಿ ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೋ-ಹಚ್ಚಿಕೋ’ ಎಂಬ ಹೆಸರು ಬಂದದ್ದೇ ಹಾಗೆ. ಕಾನೂನಿನ ಕಣ್ಣಿನಲ್ಲಿ ಅದೂ ಹಾನಿಯೇ ಅಲ್ವಾ? ಆದರೆ ಹಗಲಲ್ಲಿ, ಎಲ್ಲರೆದುರು ಮಾಡಿದರು. ಹಿಡಿದರೆ ಹಿಡಿಯಲಿ ಎಂದು ನಿಂತರು. ಯಾರ ಮೈಗೂ ಅಪಾಯವಿರಲಿಲ್ಲ.

ಇನ್ನು ಚಳವಳಿ ಸತ್ತಿತೆಂಬ ಮಾತು. ಆ ಕಾಡು ಉಳಿಸಲು ಹೋರಾಡುತ್ತಿದ್ದ ‘ಅರ್ಥ್ ಫಸ್ಟ್’ ಸಂಘಟನೆಯ ಜೂಡಿ ಬಾರಿ ಮೊದಲು ಬಡಗಿ ಕೆಲಸ ಮಾಡಿದವರು. ಮರ ಕಡಿಯುವ ಕಾರ್ಮಿಕರನ್ನೂ ಜೊತೆಗೆ ಕರೆದೊಯ್ಯಬೇಕೆಂದು 1990ರಲ್ಲಿ ಮೊಳೆಯ ದಾರಿಯನ್ನು ಬಹಿರಂಗವಾಗಿ ಬಿಟ್ಟರು. ಆ ವರ್ಷದ ಮೇ 24ರಂದು ಓಕ್ಲೆಂಡ್‌ನಲ್ಲಿ ಅವರ ಕಾರಿನಲ್ಲಿ ಬಾಂಬ್ ಸಿಡಿಯಿತು. ಪೊಲೀಸರು ಬಂಧಿಸಿದ್ದು ಗಾಯಗೊಂಡ ಅವರನ್ನೇ! ಆದರೂ ಆ ಬೇಸಿಗೆಯ ಪ್ರತಿಭಟನೆಗೆ ಸಾವಿರಾರು ಜನ ಬಂದರು. ಬಂಧಿಸಿದವರದೇ ತಪ್ಪು ಎಂದು 2002ರಲ್ಲಿ ಜ್ಯೂರಿ ತೀರ್ಪು ಕೊಟ್ಟು, 44 ಲಕ್ಷ ಡಾಲರ್ ಪರಿಹಾರ ಹೇಳಿತು.

1999ರಲ್ಲಿ ಅಲ್ಲಿನ ಹೆಡ್‌ವಾಟರ್ಸ್ ಎಂಬ ರೆಡ್‌ವುಡ್ ಕಾಡಿನ ಸುಮಾರು 7,500 ಎಕರೆಯನ್ನು ಸರ್ಕಾರ ಹಣ ಕೊಟ್ಟು ಉಳಿಸಿಕೊಂಡಿತು. ಹೋರಾಟಗಾರರು ಕೇಳಿದ್ದು ಅದಕ್ಕಿಂತ ಬಹಳ ಜಾಸ್ತಿ. ಆ ಕಾಡು ಉಳಿದದ್ದನ್ನಾಗಲಿ, ಆ ತೀರ್ಪನ್ನಾಗಲಿ ಜೂಡಿ ನೋಡಲಿಲ್ಲ. 1997ರಲ್ಲೇ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು.

– ಸಂಪಾದಕ