ಹಾಸನ ಜಿಲ್ಲೆಗೆ ಸಹಾಯಕ ಕೃಷಿ ಅಧಿಕಾರಿಯಾಗಿ ಬರುವುದಾದರೆ

ಕೃಷಿ ಪದವಿ ಮುಗಿಸಿದ್ದೇನೆ, ಕೆಲಸ ಸಿಕ್ಕಿ ಹಾಸನಕ್ಕೆ ಹಾಕಿದರೆ ಹೇಗಿರುತ್ತದೆ ಎಂದು ಕೇಳಿದ್ದೀರಿ. ನಾನು ಇದೇ ಜಿಲ್ಲೆಯವನು, ಇದೇ ಕೆಲಸದಲ್ಲಿರುವವನು. ಧೈರ್ಯವಾಗಿ ಬನ್ನಿ. ಆದರೆ ಯಾವ ಹೋಬಳಿ ಎಂದು ಮೊದಲು ವಿಚಾರಿಸಿಕೊಳ್ಳಿ. ಅರಸೀಕೆರೆ ಕಡೆಯಾದರೆ ರಾಗಿ, ತೆಂಗು, ಮಳೆಯ ಕೊರತೆ. ಕೃಷಿ ಹೊಂಡ ಮತ್ತು ಬೆಳೆ ವಿಮೆಯದೇ ಮಾತು. ಸಕಲೇಶಪುರವಾದರೆ ಅತಿಮಳೆ, ಭತ್ತದ ಗದ್ದೆ, ಅದನ್ನು ತುಳಿದು ಹೋಗುವ ಆನೆ.

ಇನ್ನೊಂದು ವಿಷಯ ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ಇಲ್ಲಿ ಒಂದೇ ಮನೆಯ ಜಮೀನು ಮೂರು ಕಚೇರಿಗಳಿಗೆ ಸೇರುತ್ತದೆ. ಭತ್ತ, ರಾಗಿ, ಮುಸುಕಿನ ಜೋಳ ನಮ್ಮ ಕೃಷಿ ಇಲಾಖೆಯವು. ಅಡಿಕೆ, ಮೆಣಸು, ಶುಂಠಿ, ಆಲೂಗಡ್ಡೆ ತೋಟಗಾರಿಕೆ ಇಲಾಖೆಯವು. ಕಾಫಿ ಕೇಂದ್ರ ಸರ್ಕಾರದ ಕಾಫಿ ಮಂಡಳಿಗೆ ಸೇರಿದ್ದು. ರೈತ ಬಂದು ‘ಸಾರ್, ಆಲೂಗಡ್ಡೆಗೆ ಅಂಗಮಾರಿ ರೋಗ ಹತ್ತಿದೆ’ ಎಂದಾಗ ‘ಅದು ನಮ್ಮದಲ್ಲ’ ಎಂದು ಕಳುಹಿಸಿದರೆ ಆತ ನೇರವಾಗಿ ಔಷಧಿ ಅಂಗಡಿಗೆ ಹೋಗುತ್ತಾನೆ. ಮುಂದೆ ಭತ್ತದ ವಿಷಯಕ್ಕೂ ನಿಮ್ಮ ಬಳಿ ಬರುವುದಿಲ್ಲ.

ನಮ್ಮ ನಿಜವಾದ ಸ್ಪರ್ಧೆ ಆ ಅಂಗಡಿಯೊಂದಿಗೆ. ಅಂಗಡಿಯವರು ಕೊಯ್ಲಿನವರೆಗೆ ಸಾಲ ಕೊಡುತ್ತಾರೆ, ರೈತ ಅವರ ಮಾತು ಕೇಳುವುದರಲ್ಲಿ ತಪ್ಪೇನಿಲ್ಲ. ಮುಸುಕಿನ ಜೋಳದ ಫಾಲ್ ಸೈನಿಕ ಹುಳುವನ್ನೇ (ಫಾಲ್ ಆರ್ಮಿವರ್ಮ್) ನೋಡಿ. ದೇಶದಲ್ಲಿ ಅದು ಮೊದಲು ಕಂಡದ್ದು ನಮ್ಮ ರಾಜ್ಯದಲ್ಲಿಯೇ, 2018ರಲ್ಲಿ. ಎಲೆಯಲ್ಲಿ ತೂತು ಕಂಡೊಡನೆ ರೈತರು ಅಂಗಡಿಯಲ್ಲಿ ಕೊಟ್ಟದ್ದನ್ನು ತಂದು ಮೇಲಿಂದ ಹೊಡೆಯುತ್ತಾರೆ. ಹುಳು ಇರುವುದು ಸುಳಿಯೊಳಗೆ. ಸುಳಿ ಬಿಡಿಸಿ ನೋಡಿದರೆ ಮರದ ಹೊಟ್ಟಿನಂಥ ಹಿಕ್ಕೆ, ಅದರ ಅಡಿಯಲ್ಲಿ ಹುಳು. ಔಷಧಿ ಸುಳಿಗೇ ಇಳಿಯಬೇಕು, ಅದೂ ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ. ಇದನ್ನು ಹೊಲದಲ್ಲಿ ಬಗ್ಗಿ ಕೈಯಾರೆ ತೋರಿಸಿದರೆ ಮಾತ್ರ ಜನ ನಂಬುತ್ತಾರೆ.

ಮುಂಗಾರಿನಲ್ಲಿ ಹೊಲಕ್ಕೆ ಹೋಗುವುದೇ ಕಷ್ಟ. ರೈತ ಸಂಪರ್ಕ ಕೇಂದ್ರದ ಮುಂದೆ ಬಿತ್ತನೆ ಬೀಜಕ್ಕೆ ಸಾಲು ನಿಂತಿರುತ್ತದೆ, ಸರ್ವರ್ ಕೈ ಕೊಡುತ್ತದೆ. ಸುಗ್ಗಿಯಲ್ಲಿ ಬೆಳೆ ಕಟಾವು ಪ್ರಯೋಗ. ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಂಡಿನಲ್ಲಿ ಬಂದ ಕಾಳಿನ ತೂಕದ ಮೇಲೆ ಊರವರ ವಿಮೆ ನಿಂತಿರುತ್ತದೆ. ಬೆಳೆ ಸೊರಗಿದ ಕಡೆ ಅಳೆಯಿರಿ ಎಂದು ಒತ್ತಾಯ ಬರುತ್ತದೆ, ಒಪ್ಪಬೇಡಿ.

ನೇಮಕಾತಿ ಕರ್ನಾಟಕ ಲೋಕಸೇವಾ ಆಯೋಗದ ಮೂಲಕ. 2024ರ ಅಧಿಸೂಚನೆಯಲ್ಲಿ 128 ಕೃಷಿ ಅಧಿಕಾರಿ, 817 ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳಿದ್ದವು. ಬಡ್ತಿಯ ಲೆಕ್ಕವನ್ನು ಈಗಲೇ ಹಾಕಬೇಡಿ.

ಬಂದ ವಾರದಲ್ಲೇ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ವಿಜ್ಞಾನಿಗಳ ಪರಿಚಯ ಮಾಡಿಕೊಳ್ಳಿ. ಮನೆಯನ್ನು ಹಾಸನದಲ್ಲಿ ಹಿಡಿಯದೆ ಹೋಬಳಿಯಲ್ಲೇ ಹಿಡಿಯಿರಿ. ಸಂಜೆ ಡೇರಿಗೆ ಹಾಲು ಹಾಕಲು ಊರಿನ ಹೆಣ್ಣುಮಕ್ಕಳು, ಗಂಡಸರು ಎಲ್ಲರೂ ಬರುತ್ತಾರೆ. ಅಲ್ಲಿ ಅರ್ಧ ಗಂಟೆ ನಿಂತರೆ ಯಾರ ಹೊಲದಲ್ಲಿ ಏನು ಬಿದ್ದಿದೆ ಎಂಬುದು ಅಂಗಡಿಯವರಿಗಿಂತ ಮೊದಲೇ ನಿಮ್ಮ ಕಿವಿಗೆ ಬೀಳುತ್ತದೆ.