ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಅಂಗವಿಕಲರೂ ದುಡಿಯುವ ಕಾಫಿ ಅಂಗಡಿ

ಪ್ರಶ್ನೆ: ಬಡಾವಣೆಯಲ್ಲಿ ಬಾಡಿಗೆಗೆ ಮಳಿಗೆ ಸಿಕ್ಕಿದೆ. ಅಂಗವಿಕಲ ಯುವಕ ಯುವತಿಯರನ್ನು ಕೆಲಸಕ್ಕೆ ಸೇರಿಸಿಕೊಂಡು ಸಣ್ಣ ಕೆಫೆ ತೆರೆಯುವ ಆಸೆ. ಬಾಗಿಲಿಗೆ ಮೂರು ಮೆಟ್ಟಿಲಿವೆ. ಏನೇನು ಬದಲಿಸಬೇಕು?
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಅಡ್ವಾನ್ಸ್ ಕೊಡುವ ಮುಂಚೆ ಟೇಪು ಹಿಡಿದು ಮೆಟ್ಟಿಲು ಅಳೆಯಿರಿ. ಗಾಲಿಕುರ್ಚಿಯ ಇಳಿಜಾರಿಗೆ 1:12 ಲೆಕ್ಕ. ಮೂರು ಮೆಟ್ಟಿಲು ಸೇರಿ 45 ಸೆಂ.ಮೀ. ಎತ್ತರವಿದ್ದರೆ ರ‍್ಯಾಂಪ್ 5.4 ಮೀಟರ್ ಉದ್ದ ಬೇಕು. ಚರಂಡಿವರೆಗೆ ಅಷ್ಟು ಜಾಗ ಇರುವುದಿಲ್ಲವೆಂದು ಬಹಳ ಮಂದಿ ಎರಡು ಮೀಟರಿಗೇ ಮುಗಿಸುತ್ತಾರೆ. ಅಂಥ ಕಡಿದಾದ ಇಳಿಜಾರಿನಲ್ಲಿ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ತಳ್ಳುವವರೂ ಜಾರುತ್ತಾರೆ. ಗೋಡೆಯ ಪಕ್ಕಕ್ಕೆ ತಿರುಗಿಸಿ ಕಟ್ಟಿಸಿ. ತಿರುವಿನಲ್ಲಿ ಒಂದೂವರೆ ಮೀಟರ್ ಚೌಕದ ಸಮತಟ್ಟು ಜಾಗ ಬಿಡಿ. ಅದಕ್ಕೂ ಜಾಗವಿಲ್ಲದಿದ್ದರೆ ಬೇರೆ ಮಳಿಗೆ ನೋಡುವುದೇ ಸರಿ. 15 ಸೆಂ.ಮೀ.ನ ಒಂದೇ ಮೆಟ್ಟಿಲಾದರೆ 1.8 ಮೀಟರಿನಲ್ಲಿ ಕೆಲಸ ಮುಗಿಯುತ್ತದೆ.

ಅಗಲ 1.2 ಮೀಟರಿಗೆ ಕಡಿಮೆಯಾಗದಿರಲಿ, ಎರಡೂ ಕಡೆ ಹಿಡಿಕಂಬಿ ಇರಲಿ. ನಿಮ್ಮೂರಿನ ಮಳೆಗೆ ಪಾಲಿಶ್ ಗ್ರಾನೈಟ್, ಟೈಲ್ಸ್ ಖಂಡಿತ ಬೇಡ. ಸಿಮೆಂಟು ಹಸಿಯಿದ್ದಾಗಲೇ ಪೊರಕೆಯಿಂದ ಅಡ್ಡಡ್ಡ ಗೆರೆ ಎಳೆಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜದಿದ್ದರೆ ಗೆರೆಗಳಲ್ಲೇ ಪಾಚಿ ಕಟ್ಟುತ್ತದೆ. ಮೇಲೆ ಶೀಟು ಇದ್ದರೆ ಇನ್ನೂ ಒಳ್ಳೆಯದು.

ಬಾಗಿಲು ತೆರೆದಾಗ 90 ಸೆಂ.ಮೀ. ದಾರಿ ಸಿಗಬೇಕು. ಒಳಗೆ ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ಜಾಗ ಬೇಕು; ಅದು ಸುತ್ತಳತೆಯಲ್ಲ, ವ್ಯಾಸ. ಬಡಗಿಗೆ ಇದನ್ನು ಬಿಡಿಸಿ ಹೇಳಿ. ಕೌಂಟರಿನ ಒಂದು ಭಾಗ 75ರಿಂದ 80 ಸೆಂ.ಮೀ. ಎತ್ತರವಿದ್ದು, ಕೆಳಗೆ ಮೊಣಕಾಲಿಗೆ ಜಾಗ ಖಾಲಿಯಿರಲಿ. ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲಿದ್ದು ಒಳಗಿದ್ದವರು ಅದಕ್ಕೆ ಅಡ್ಡವಾಗಿ ಬಿದ್ದರೆ ಹೊರಗಿನಿಂದ ಯಾರೂ ತೆರೆಯಲಾರರು.

ಪ್ರಶ್ನೆ: ಬೌದ್ಧಿಕ ಅಂಗವಿಕಲತೆ ಇರುವ ಹುಡುಗನಿಗೆ ಕಾಫಿ ಮಾಡುವುದನ್ನು ಕಲಿಸುತ್ತಿದ್ದೇವೆ. ಎಷ್ಟು ಹೇಳಿಕೊಟ್ಟರೂ ದಿನಕ್ಕೊಂದು ರುಚಿ ಬರುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ಹಾಸನ

ಉತ್ತರ: ‘ಸ್ವಲ್ಪ ಹಾಕು’, ‘ಹದ ನೋಡಿಕೋ’ ಎಂದು ಹೇಳಿಕೊಡುತ್ತಿದ್ದರೆ ಯಾರು ಮಾಡಿದರೂ ರುಚಿ ಬದಲಾಗುತ್ತದೆ. ಅಳತೆಯನ್ನು ಪಾತ್ರೆಗೇ ಕಟ್ಟಿಬಿಡಿ. 50 ಗ್ರಾಂ ಪುಡಿ ಹಿಡಿಯುವ ಒಂದು ಡಬ್ಬಿ, 300 ಮಿ.ಲೀ.ಗೆ ಗೆರೆ ಹಾಕಿದ ಒಂದು ಚೊಂಬು, 30 ಮಿ.ಲೀ.ನ ಒಂದು ಸೌಟು. ಪುಡಿಯೇ ಸುಮಾರು 100 ಮಿ.ಲೀ. ನೀರು ಹೀರಿಕೊಳ್ಳುವುದರಿಂದ ಇಳಿಯುವುದು 200 ಮಿ.ಲೀ. ಆಸುಪಾಸು ಡಿಕಾಕ್ಷನ್. ಲೋಟಕ್ಕೆ ಒಂದು ಸೌಟು ಡಿಕಾಕ್ಷನ್, ಮೂರು ಸೌಟು ಹಾಲು. ಆರು ಕಾಫಿ ನಿಶ್ಚಿಂತೆಯಿಂದ ಆಗುತ್ತದೆ. ಚಿಕೋರಿ ಪ್ರಮಾಣ ಬದಲಾದರೆ ಈ ಲೆಕ್ಕವೂ ಕೆಡುತ್ತದೆ, ಆದ್ದರಿಂದ ಒಂದೇ ಮಿಶ್ರಣದ ಪುಡಿ ತರಿಸಿ. ಫಿಲ್ಟರಿನಲ್ಲಿ ಪುಡಿಯನ್ನು ಗಟ್ಟಿಯಾಗಿ ಒತ್ತಿದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ, ಒತ್ತದೇ ಬಿಟ್ಟರೆ ನೀರಾಗಿ ಇಳಿಯುತ್ತದೆ. ಪುಡಿಯ ಮೇಲಿಡುವ ಬಿಲ್ಲೆಯನ್ನು ತನ್ನ ಭಾರಕ್ಕೆ ಕೂರಲು ಬಿಡುವುದನ್ನೇ ಅಭ್ಯಾಸ ಮಾಡಿಸಿ.

ಕಲಿಸುವಾಗ ಕೊನೆಯಿಂದ ಹಿಂದಕ್ಕೆ ಬನ್ನಿ. ಮೊದಲ ವಾರ ಉಳಿದೆಲ್ಲ ನೀವೇ ಮಾಡಿ, ಹಾಲು ಹಾಕಿ ಲೋಟ ಕೊಡುವುದು ಮಾತ್ರ ಅವನ ಪಾಲಿಗಿರಲಿ. ಅದು ಕೈಗೆ ಹತ್ತಿದ ಮೇಲೆ ಡಿಕಾಕ್ಷನ್ ಅಳೆಯುವುದು, ಆಮೇಲೆ ನೀರು, ಪುಡಿ. ಪ್ರತಿ ಬಾರಿಯೂ ಸಿದ್ಧ ಕಾಫಿ ಅವನ ಕೈಯಿಂದಲೇ ಹೋಗುವುದರಿಂದ ಉತ್ಸಾಹ ಉಳಿಯುತ್ತದೆ. ಒಂದೊಂದು ಹಂತಕ್ಕೂ ನಿಮ್ಮದೇ ಪಾತ್ರೆಗಳ ಫೋಟೊ ತೆಗೆದು ಗೋಡೆಗೆ ಅಂಟಿಸಿ. ಮುಖ್ಯವಾಗಿ, ಪಕ್ಕದಲ್ಲೇ ನಿಂತು ‘ಈಗ ಹಾಲು’, ‘ಈಗ ಸಕ್ಕರೆ’ ಎನ್ನುತ್ತಿರಬೇಡಿ. ನಿಮ್ಮ ದನಿಗೆ ಕಾಯುವುದೇ ಅಭ್ಯಾಸವಾಗುತ್ತದೆ. ಕೈಯಿಂದ ಫೋಟೊ ತೋರಿಸಿ, ಬರಬರುತ್ತಾ ದೂರ ಸರಿಯಿರಿ. ಬೆಳಗಿನ ಎಂಟರಿಂದ ಹತ್ತರ ನೂಕುನುಗ್ಗಲಿನಲ್ಲಿ ಕಲಿಸುವುದು ಬೇಡ, ಹನ್ನೊಂದರ ಮೇಲೆ ಕಲಿಸಿ.

ಪ್ರಶ್ನೆ: ಕಣ್ಣು ಕಾಣದವರು ಕ್ಯಾಶ್ ಕೌಂಟರಿನಲ್ಲಿ ಕೂರಬಹುದೇ?
— ಓದುಗರೊಬ್ಬರು, ಬೇಲೂರು

ಉತ್ತರ: ಧಾರಾಳವಾಗಿ. ಫೋನಿನಿಂದ ಬಂದ ಹಣವನ್ನು ಸೌಂಡ್‌ಬಾಕ್ಸ್ ಕನ್ನಡದಲ್ಲೇ ಕೂಗಿ ಹೇಳುತ್ತದೆ. ಈಗಿನ 500ರ ನೋಟಿನ ಅಂಚಿನಲ್ಲಿ ಐದು ಉಬ್ಬುಗೆರೆ, 100ರಲ್ಲಿ ನಾಲ್ಕು, 200ರಲ್ಲಿ ನಾಲ್ಕು ಗೆರೆಗಳ ನಡುವೆ ಎರಡು ವೃತ್ತ. ಹಳೆಯ ನೋಟಿನಲ್ಲಿ ಗೆರೆ ಸವೆದಿರುತ್ತದೆ; ಆಗ ರಿಸರ್ವ್ ಬ್ಯಾಂಕ್ 2020ರಲ್ಲಿ ಬಿಟ್ಟ ‘ಮನಿ’ ಆ್ಯಪ್ ಕ್ಯಾಮೆರಾದಲ್ಲಿ ನೋಡಿ ಮೌಲ್ಯ ಹೇಳುತ್ತದೆ. ಮಹಾತ್ಮಾ ಗಾಂಧಿ ಹೊಸ ಸರಣಿಯ 10, 20, 50ರ ನೋಟುಗಳು ಕ್ರಮವಾಗಿ 123, 129, 135 ಮಿ.ಮೀ. ಉದ್ದ. ಆ ಅಳತೆಗೆ ಮೂರು ಕಚ್ಚು ಕೊರೆದ ರಟ್ಟಿನ ತುಂಡೊಂದು ಗಲ್ಲಾದಲ್ಲಿದ್ದರೆ ಸಾಕು. ಕೌಂಟರಿನಲ್ಲಿ ಕಿವಿ ಕೇಳದವರಿದ್ದರೆ ಸೌಂಡ್‌ಬಾಕ್ಸ್ ಕೆಲಸಕ್ಕೆ ಬಾರದು, ಹಣ ಬಂದದ್ದನ್ನು ತೋರಿಸುವ ಫೋನು ಅವರ ಕಣ್ಣೆದುರಿಗಿರಲಿ.

ಅಡುಗೆಮನೆಗೆ ಕಾಣದವರಿದ್ದರೆ ಟಚ್ ಇರುವ ಇಂಡಕ್ಷನ್ ಒಲೆ ಕೊಳ್ಳಬೇಡಿ. ತಿರುಗಿಸುವ ಗುಂಡಿಯಿರುವುದನ್ನು ಕೊಂಡು, ಬೇಕಾದ ಮಟ್ಟಕ್ಕೆ ಉಬ್ಬಿದ ಚುಕ್ಕಿ ಅಂಟಿಸಿ.

ಪ್ರಶ್ನೆ: ‘ಇವರಿಗೆ ನೆರವಾಗಿ’ ಎಂದು ಬೋರ್ಡು ಹಾಕಿದರೆ ವ್ಯಾಪಾರ ಹೆಚ್ಚುತ್ತದೆಯೇ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಹಾಕಬೇಡಿ. ಕನಿಕರಕ್ಕೆ ಬಂದವರು ಒಮ್ಮೆ ಬರುತ್ತಾರೆ, ಕಾಫಿ ಚೆನ್ನಾಗಿದ್ದರೆ ದಿನವೂ ಬರುತ್ತಾರೆ. ಅಂಗವಿಕಲರೇ ದುಡಿಯುವ, ಹುಬ್ಬಳ್ಳಿಯಲ್ಲಿ 2017ರಲ್ಲಿ ಶುರುವಾದ ಮಿಟ್ಟಿ ಕೆಫೆ 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲೂ ತೆರೆಯಿತು. ಬೋರ್ಡಿನಲ್ಲಿ ಬೇಕಿರುವುದು ‘ಬೇಕಾದ ತಿಂಡಿಯ ಚಿತ್ರದ ಮೇಲೆ ಬೆರಳಿಡಿ’ ಎಂಬಂಥ ಉಪಯೋಗದ ಮಾತು.

ಪ್ರಶ್ನೆ: ಕೆಲಸದವರನ್ನು ಎಲ್ಲಿ ಹುಡುಕಲಿ? ಸಂಬಳವನ್ನು ಅಪ್ಪ ಅಮ್ಮನ ಕೈಗೆ ಕೊಡಬಹುದೇ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು. (ಅಂಗವಿಕಲರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನೂ ತಾಲ್ಲೂಕಿನ ಎಂ.ಆರ್.ಡಬ್ಲ್ಯು. (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅವರನ್ನೂ ಕಾಣಿ, ಯಾವ ಮನೆಯಲ್ಲಿ ಯಾರಿದ್ದಾರೆಂದು ಅವರಿಗೆ ಗೊತ್ತಿರುತ್ತದೆ. ಸಂಬಳ ದುಡಿದವರ ಖಾತೆಗೇ ಹೋಗಬೇಕು, ಅದೇ ಕೆಲಸ ಮಾಡುವ ಇತರರಷ್ಟೇ ಇರಬೇಕು. ಬೌದ್ಧಿಕ ಅಂಗವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ವಯಸ್ಕರಿಗೆ ಪೋಷಕರ ನೆರವು ನಿಜಕ್ಕೂ ಬೇಕಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಕಾನೂನುಬದ್ಧ ಪಾಲಕತ್ವ ಪಡೆಯಬಹುದು. ಮಾಸಾಶನಕ್ಕೆ ಆದಾಯ ಮಿತಿಯಿದೆ. ಸಂಬಳ ಸೇರಿದರೆ ಅದು ಏನಾಗುತ್ತದೆಂದು ಕೆಲಸಕ್ಕೆ ಸೇರುವ ಮೊದಲೇ ನಾಡಕಚೇರಿಯಲ್ಲಿ ವಿಚಾರಿಸಿ, ಮನೆಯವರಿಗೆ ತಿಳಿಸಿ. ಆಹಾರ ಮುಟ್ಟುವ ಎಲ್ಲರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ, ಟೈಫಾಯ್ಡ್ ಲಸಿಕೆ ಕಡ್ಡಾಯ.

ಪಾಳಿಯನ್ನು ಬಸ್ಸಿನ ವೇಳೆ ನೋಡಿಯೇ ನಿಗದಿಪಡಿಸಿ. ಹಳ್ಳಿಯಿಂದ ಬರುವವರು ಕೊನೆಯ ಬಸ್ಸು ತಪ್ಪಿಸಿಕೊಂಡರೆ ಮರುದಿನದಿಂದ ಮನೆಯವರು ಕಳಿಸುವುದಿಲ್ಲ. ಬಸ್ಸು ಹೊರಡುವ ಅರ್ಧ ಗಂಟೆ ಮುಂಚೆಯೇ ಅವರ ಕೈ ಖಾಲಿಯಾಗಿರಬೇಕು. ಲೋಟ ತೊಳೆದು ಬಾಗಿಲು ಹಾಕುವುದನ್ನು ಊರಲ್ಲೇ ಇರುವವರಿಗೆ ವಹಿಸಿ.